ಕಡಲ ತೂಬು ತೆರೆದಿರುವ ಹೊತ್ತು

ತುಮಕೂರು ರೈಲು ನಿಲ್ದಾಣದ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಜೊತೆಗೇ ಸಣ್ಣ ಅಕ್ಷರದಲ್ಲಿ ಎಂ.ಎಸ್.ಎಲ್. ಎಂದು ಬರೆದು ಮುಂದೆ ಒಂದು ಅಂಕಿ ಹಾಕಿರುತ್ತಾರೆ. ಸಮುದ್ರದ ಸರಾಸರಿ ಮಟ್ಟದಿಂದ ಊರು ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ ಅದು. ತುಮಕೂರಿಗೂ ಕೋಲಾರಕ್ಕೂ 800 ಮೀಟರಿನ ಮೇಲೆ, ಚಿಕ್ಕಬಳ್ಳಾಪುರಕ್ಕೆ 900ರ ಆಚೆ. ಹಾಗಾಗಿ ಕಡಲು ಏರುತ್ತಿದೆ ಎಂಬ ಸುದ್ದಿ ನಮ್ಮ ಕಡೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಕುಡಿಯೋಕೆ ನೀರಿಲ್ಲದ ಊರಿಗೆ ಮುಳುಗುವ ಭಯ ಎಲ್ಲಿಂದ ಬರಬೇಕು? ಆದರೂ ಕೆರೆ, ಕೋಡಿ, ತೂಬು, ಕೊಳವೆಬಾವಿ ಎಂದೇ ಬದುಕಿರುವ ಈ ಸೀಮೆಯವರಿಗೆ ಕಡಲಿನ ಈ ಸಂಗತಿ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಅಲ್ಲಿ ಕೆಡುವುದೂ ಮೊದಲು ತೂಬೇ.

ಆ ಹಲಗೆಯ ಸೊನ್ನೆ ಎಲ್ಲಿಂದ ಬಂತು ಎಂಬುದರಿಂದ ಶುರು ಮಾಡೋಣ. ಬ್ರಿಟಿಷರ ಕಾಲದಲ್ಲಿ ಸರ್ವೆಯವರು ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತವನ್ನು ವರ್ಷಗಟ್ಟಲೆ ಅಳೆದು, ಆ ಸರಾಸರಿಯನ್ನು ಸೊನ್ನೆ ಎಂದು ಹಿಡಿದರು. ಅಲ್ಲಿಂದ ಒಳನಾಡಿಗೆ ಮಟ್ಟ ಎಳೆದು, 1909ರ ಹೊತ್ತಿಗೆ ಲೆಕ್ಕ ಕೂಡಿಸಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಅಂದಿನಿಂದ ಹಲಗೆಯ ಸೊನ್ನೆ ಇದ್ದಲ್ಲೇ ಇದೆ, ಕಡಲು ಇಲ್ಲ. ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳುವಂತೆ 1901ರಿಂದ 2018ರೊಳಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. 2006ರಿಂದ 2018ರವರೆಗಿನ ವೇಗ ವರ್ಷಕ್ಕೆ 3.7 ಮಿ.ಮೀ. ಇಂಗಾಲದ ಹೊಗೆಯನ್ನು ಬೇಗನೆ ಇಳಿಸಿದರೆ 2100ಕ್ಕೆ 28ರಿಂದ 55 ಸೆಂ.ಮೀ., ಇಳಿಸದೆ ಹೋದರೆ 63ರಿಂದ 101 ಸೆಂ.ಮೀ. ಏರಬಹುದು ಎಂಬುದು ಅದೇ ವರದಿಯ ಅಂದಾಜು.

ಈ ಅಂಕಿಗಳು ಎಲ್ಲರಿಗೂ ಬಾಯಿಪಾಠವಾಗಿವೆ. ತೊಡಕಿರುವುದು ಸರಾಸರಿ ಎಂಬ ಪದದಲ್ಲಿ. ಕಡಲು ಸರಾಸರಿ ಮಟ್ಟದಲ್ಲಿ ನಿಲ್ಲುವುದೇ ಇಲ್ಲ, ದಾಟಿ ಹೋಗುತ್ತದೆ. ಅದೂ ಅತಿ ವೇಗದಲ್ಲಿ ದಾಟುವುದು ಅಲ್ಲೇ. ನಾವಿಕರು ಇದಕ್ಕೆ ಹನ್ನೆರಡು ಪಾಲಿನ ಲೆಕ್ಕ ಇಟ್ಟುಕೊಂಡಿದ್ದಾರೆ. ಇಳಿತದಿಂದ ಭರತಕ್ಕೆ, ಅಂದರೆ ನೀರು ಪೂರ್ತಿ ಏರಿ ನಿಲ್ಲುವ ಹೊತ್ತಿಗೆ, ಆರು ಗಂಟೆ ಚಿಲ್ಲರೆ ಬೇಕು. ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಕೊನೆಯ ಗಂಟೆಯಲ್ಲಿ ಮತ್ತೆ ಒಂದು. ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನವೂ ನೀರು ಏರಿ ಇಳಿಯುವುದು ಸುಮಾರು ಒಂದೂವರೆ ಮೀಟರ್. ನಡುವಿನ ಗಂಟೆಗಳಲ್ಲಿ ಗಂಟೆಗೆ ಮೊಣಕಾಲಿನಷ್ಟೂ ಏರುವುದಿಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಅದೇ ದಿನ ಏರಿಕೆ 10 ಮೀಟರ್ ಮುಟ್ಟುತ್ತದೆ. ಅಲ್ಲಿ ಮೂರನೇ ಗಂಟೆ ಒಂದರಲ್ಲೇ ಎರಡೂವರೆ ಮೀಟರ್, ಅಂದರೆ ನಿಮಿಷಕ್ಕೆ 4 ಸೆಂ.ಮೀ. ಹೊತ್ತು ತಪ್ಪಿ ಕೆಸರುಬಯಲಿಗೆ ಇಳಿದವರ ಪಾದ ಒದ್ದೆಯಾದ ಮುಕ್ಕಾಲು ಗಂಟೆಯೊಳಗೆ ನೀರು ತಲೆ ಮೇಲಿರುತ್ತದೆ.

ಒಂದೇ ಚಂದ್ರ, ಒಂದೇ ಅರಬ್ಬಿ ಸಮುದ್ರ. ಹಾಗಿದ್ದೂ ಇಷ್ಟು ವ್ಯತ್ಯಾಸ ಏಕೆ? ನಮ್ಮೂರ ನೀರಿನ ಟ್ಯಾಂಕರ್ ಓಡಿಸುವವರನ್ನು ಕೇಳಿ. ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ್ದೇ ಕಾಟ. ಬ್ರೇಕ್ ಒತ್ತಿದಾಗ ಒಳಗಿನ ನೀರು ಮುಂದಕ್ಕೆ ಹೋಗಿ ಗುದ್ದಿ ಹಿಂದಕ್ಕೆ ಬರುತ್ತದೆ. ಅದು ಹೋಗಿ ಬರುವ ಹೊತ್ತಿಗೂ ನೀವು ಬ್ರೇಕ್ ಒತ್ತಿ ಬಿಡುವ ಹೊತ್ತಿಗೂ ತಾಳೆಯಾದರೆ ಗಾಡಿಯೇ ಅಲ್ಲಾಡುತ್ತದೆ. ಟ್ಯಾಂಕಿನ ಉದ್ದ ಎಷ್ಟು, ನೀರಿನ ಆಳ ಎಷ್ಟು ಎಂಬುದರ ಮೇಲೆ ಆ ಹೊತ್ತು ನಿಂತಿದೆ. ಕೊಲ್ಲಿಯೂ ಹಾಗೆಯೇ. ಚಂದ್ರನ ಸೆಳೆತ 12 ಗಂಟೆ 25 ನಿಮಿಷಕ್ಕೊಮ್ಮೆ ಬಂದು ನೂಕುತ್ತದೆ. ಕೊಲ್ಲಿಯ ನೀರು ತಾನಾಗಿ ತೂಗಾಡುವ ಹೊತ್ತು ಇದಕ್ಕೆ ಹತ್ತಿರವಿದ್ದರೆ ಉಬ್ಬರ ಬೆಳೆಯುತ್ತಾ ಹೋಗುತ್ತದೆ. ಗುಜರಾತಿನ ಮುಂದೆ ಕಡಲ ತಳ ಆಳವಿಲ್ಲದೆ ಬಹುದೂರ ಹರಡಿದೆ, ಮೇಲೆ ಕೊಲ್ಲಿಯ ಬಾಯಿ ಆಲಿಕೆಯ ಹಾಗೆ ಕಿರಿದಾಗುತ್ತದೆ. ನಮ್ಮ ಕರಾವಳಿಯಲ್ಲಿ ಇವೆರಡೂ ಅಷ್ಟಾಗಿ ಇಲ್ಲ.

ಪಂಚಾಂಗ ನೋಡುವವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಉಬ್ಬರ, ಅಷ್ಟಮಿ ಕಳೆದ ಮೇಲೆ ಸಣ್ಣದು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಭಾವನಗರದ ಹತ್ತಿರದ ಅಲಂಗ್‌ನಲ್ಲಿ ಹಳೇ ಹಡಗುಗಳನ್ನು ಒಡೆಯುವವರು ಈ ತಿಥಿಯನ್ನೇ ನಂಬಿದ್ದಾರೆ. ದೊಡ್ಡ ಭರತದ ತುದಿಯಲ್ಲಿ ಹಡಗನ್ನು ಪೂರ್ತಿ ವೇಗದಲ್ಲಿ ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದಾಗ ಹಡಗು ಕೆಸರಿನ ಮೇಲೆ ಕೂತಿರುತ್ತದೆ. ಕ್ರೇನೂ ಬೇಡ, ಒಣ ಹಡಗುಕಟ್ಟೆಯೂ ಬೇಡ.

ಈಗ 30 ಸೆಂ.ಮೀ. ಏರಿಕೆಯನ್ನು ಮಂಗಳೂರು, ಭಾವನಗರ ಎರಡೂ ಊರಿನ ಮೇಲೆ ಇಟ್ಟು ನೋಡೋಣ. ಕಡಲಂಚಿನ ತಗ್ಗು ಗದ್ದೆಗೆ ಒಂದು ಏರಿ, ಏರಿಯಲ್ಲಿ ಒಂದು ತೂಬು. ನಮ್ಮ ಕೆರೆಯ ತೂಬಿನಿಂದ ಬೇಕಾದಾಗ ನೀರು ಬಿಡುತ್ತೇವೆ. ಕಡಲ ತೂಬಿನ ಕೆಲಸ ತಿರುವುಮುರುವು. ಮಳೆನೀರು ಹೊರಗೆ ಹೋಗಬೇಕು, ಉಪ್ಪುನೀರು ಒಳಗೆ ಬರಬಾರದು. ಅದಕ್ಕೆ ಹೊರಬಾಯಿಗೆ ಮೇಲಿಂದ ಜೋತುಬಿಟ್ಟ ಹಲಗೆ ಇರುತ್ತದೆ. ಭರತ ಬಂದಾಗ ಹೊರಗಿನ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ನೂಕಿ ತೆರೆಯುತ್ತದೆ. ಹಾಗಾಗಿ ಹೊರಗಿನ ಮಟ್ಟ ಗದ್ದೆಯ ಮಟ್ಟಕ್ಕಿಂತ ಕೆಳಗಿದ್ದಷ್ಟು ಹೊತ್ತು ಮಾತ್ರ ನೀರು ಬಸಿಯುತ್ತದೆ.

ಗದ್ದೆ ಸರಿಯಾಗಿ ಸರಾಸರಿ ಸಮುದ್ರ ಮಟ್ಟದಲ್ಲೇ ಇದೆ, ದಿನದ ಎರಡೂ ಉಬ್ಬರ ಸಮ ಎಂದುಕೊಳ್ಳಿ. ಇಂದು ಎರಡೂ ಊರಿನಲ್ಲಿ ತೂಬು ಪ್ರತಿ ಉಬ್ಬರಕ್ಕೆ 6 ಗಂಟೆ 12 ನಿಮಿಷ ತೆರೆದಿರುತ್ತದೆ. ಕಡಲು 30 ಸೆಂ.ಮೀ. ಏರಿದರೆ ಹತ್ತು ಮೀಟರ್ ಉಬ್ಬರದ ಭಾವನಗರದಲ್ಲಿ ಅದು 5 ಗಂಟೆ 58 ನಿಮಿಷಕ್ಕೆ ಇಳಿಯುತ್ತದೆ. ಕಾಲು ಗಂಟೆಯ ನಷ್ಟ, ಅಷ್ಟೆ. ಒಂದೂವರೆ ಮೀಟರ್ ಉಬ್ಬರದ ಮಂಗಳೂರಿನಲ್ಲಿ 4 ಗಂಟೆ 35 ನಿಮಿಷಕ್ಕೆ ಬೀಳುತ್ತದೆ. 60 ಸೆಂ.ಮೀ. ಏರಿದರೆ ಭಾವನಗರದ್ದು 5 ಗಂಟೆ 44 ನಿಮಿಷ, ಮಂಗಳೂರಿನದ್ದು ಎರಡೂವರೆ ಗಂಟೆ. 75 ಸೆಂ.ಮೀ. ಆದ ದಿನ ಮಂಗಳೂರಿನ ತೂಬು ತೆರೆಯುವುದೇ ಇಲ್ಲ. ನಿಜದ ಕಡಲು ಇಷ್ಟು ನಯವಾಗಿಲ್ಲ. ಪಶ್ಚಿಮ ಕರಾವಳಿಯಲ್ಲಿ ದಿನದ ಎರಡು ಭರತಗಳೂ ಒಂದೇ ಎತ್ತರದವಲ್ಲ. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಜೊತೆಗೆ ಇನ್ನೊಂದು ಪೆಟ್ಟು ಇದೆ. ತೂಬಿನ ಹರಿವು ತೆರೆದ ಹೊತ್ತನ್ನಷ್ಟೇ ಅಲ್ಲ, ಒಳಗೂ ಹೊರಗೂ ಇರುವ ನೀರಿನ ಎತ್ತರದ ವ್ಯತ್ಯಾಸವನ್ನೂ ನಂಬಿದೆ. ಮಂಗಳೂರಿನಲ್ಲಿ ಮುಕ್ಕಾಲು ಮೀಟರ್ ಇದ್ದ ಗರಿಷ್ಠ ವ್ಯತ್ಯಾಸ 30 ಸೆಂ.ಮೀ. ಏರಿಕೆಗೆ 45 ಸೆಂ.ಮೀ. ಆಗುತ್ತದೆ. ಹೊತ್ತೂ ಕಮ್ಮಿ, ಒತ್ತಡವೂ ಕಮ್ಮಿ.

ಉಬ್ಬರ ಜೋರಾಗಿರುವ ಊರೇ ಮೊದಲು ಮುಳುಗುತ್ತದೆ ಎಂಬುದು ಎಲ್ಲರ ಊಹೆ. ಮೇಲಿನ ಲೆಕ್ಕ ಅದನ್ನು ಒಪ್ಪುವುದಿಲ್ಲ. ಹತ್ತು ಮೀಟರ್ ಏರಿಳಿತ ಕಂಡ ಊರು ಮನೆ, ರಸ್ತೆ, ಏರಿ ಎಲ್ಲವನ್ನೂ ಮೊದಲೇ ಎತ್ತರದಲ್ಲಿ ಕಟ್ಟಿಕೊಂಡಿರುತ್ತದೆ. ತಿಂಗಳಲ್ಲಿ ದೊಡ್ಡ ಭರತಕ್ಕೂ ಸಣ್ಣ ಭರತಕ್ಕೂ ಮೀಟರುಗಟ್ಟಲೆ ಅಂತರ ಇರುವುದರಿಂದ 30 ಸೆಂ.ಮೀ. ಅಲ್ಲಿ ಕೆಲವೇ ಭರತಗಳನ್ನು ಏರಿಯ ತಲೆಗೆ ಮುಟ್ಟಿಸುತ್ತದೆ. ಪುಟ್ಟ ಉಬ್ಬರದ ಊರಲ್ಲಿ ಎಲ್ಲ ಭರತಗಳೂ ಹತ್ತಿರ ಹತ್ತಿರವೇ ಇರುತ್ತವೆ. ವರ್ಷಕ್ಕೊಮ್ಮೆ ಅಂಗಳಕ್ಕೆ ಬರುತ್ತಿದ್ದ ನೀರು ಅಷ್ಟೇ ಏರಿಕೆಗೆ ಪಕ್ಷಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಬರತೊಡಗುತ್ತದೆ. ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ಕಡಲ ಮಟ್ಟ 2100ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಾಪನ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರಬಹುದು ಎಂದು ಐಪಿಸಿಸಿ ಹೇಳಿದೆ.

ಹಾಗಂತ ದೊಡ್ಡ ಉಬ್ಬರದ ಊರು ಬಚಾವ್ ಎಂದುಕೊಳ್ಳಬೇಡಿ. ಅಲ್ಲಿನ ತೊಂದರೆಗಳೇ ಬೇರೆ.

ಒಂದು, ಉಬ್ಬರವೇ ಬದಲಾಗುತ್ತದೆ. ಟ್ಯಾಂಕರಿಗೆ ಇನ್ನಷ್ಟು ನೀರು ಹಾಕಿದರೆ ಒಳಗಿನ ತೂಗಾಟದ ಹೊತ್ತು ಬದಲಾಗುತ್ತದಲ್ಲ, ಹಾಗೆ. ಜಗತ್ತಿನ ಅತಿ ದೊಡ್ಡ ಉಬ್ಬರ ಕೆನಡಾದ ಫಂಡಿ ಕೊಲ್ಲಿಯದು, 16 ಮೀಟರ್. ಅಲ್ಲಿ ನೀರು ತಾನಾಗಿ ತೂಗಾಡುವ ಹೊತ್ತು 13 ಗಂಟೆಗೆ ತುಸು ಮೇಲೆ. ಕಡಲು ಏರಿ ಆಳ ಹೆಚ್ಚಿದಂತೆ ಅಲೆ ಬೇಗ ಓಡುತ್ತದೆ, ತೂಗಾಟದ ಹೊತ್ತು ಕಿರಿದಾಗಿ ಚಂದ್ರನ 12 ಗಂಟೆ 25 ನಿಮಿಷಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಹಾಗಾಗಿ ಅಲ್ಲಿ ಕಡಲು ಏರಿದ್ದಕ್ಕಿಂತ ಭರತದ ಮಟ್ಟ ಹೆಚ್ಚು ಏರುತ್ತದೆ. ತೂಗಾಟದ ಹೊತ್ತು ಈಗಾಗಲೇ 12 ಗಂಟೆ 25 ನಿಮಿಷಕ್ಕಿಂತ ಕಮ್ಮಿ ಇರುವ ಕೊಲ್ಲಿಯಲ್ಲಿ ಇದು ಉಲ್ಟಾ, ಆಳವಾದಷ್ಟೂ ಉಬ್ಬರ ಸಣ್ಣದಾಗಬಹುದು. ಏರಿಯನ್ನು ಎಲ್ಲ ಕಡೆ ಒಂದೇ ಅಳತೆಗೆ ಎತ್ತರಿಸುತ್ತೇವೆ ಎನ್ನುವ ಯೋಜನೆಗಳು ಇಲ್ಲೇ ಎಡವುತ್ತವೆ.

ಎರಡು, ಎತ್ತರಕ್ಕಿಂತ ಅಗಲ. ದೊಡ್ಡ ಉಬ್ಬರದ ಕರಾವಳಿಯ ಮುಂದೆ ಕಿಲೋಮೀಟರುಗಟ್ಟಲೆ ಕೆಸರುಬಯಲು ಇರುತ್ತದೆ. ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರಿನ ಬಯಲಲ್ಲಿ 30 ಸೆಂ.ಮೀ. ಏರಿಕೆ ಎಂದರೆ ನೀರಿನ ಅಂಚು 300 ಮೀಟರ್ ಒಳಗೆ. ಹಿಂದೆ ಏರಿ ಕಟ್ಟಿದ್ದರೆ ಬಯಲಿಗೆ ಹಿಂದೆ ಸರಿಯಲು ಜಾಗವಿಲ್ಲ, ಅಲ್ಲೇ ಸವೆಯುತ್ತದೆ. ಅಲೆಯ ಹೊಡೆತವನ್ನು ತಿನ್ನುತ್ತಿದ್ದ ಬಯಲು ಹೋದರೆ ಅದೇ ಏರಿಗೆ ನೇರ ಪೆಟ್ಟು. ಹೂಳು ಧಾರಾಳವಾಗಿ ಬಂದರೆ ಬಯಲು ಕಡಲಿನ ಜೊತೆಗೇ ಏರಬಲ್ಲದು, ದೊಡ್ಡ ಉಬ್ಬರದ ನೀರಲ್ಲಿ ಹೂಳೂ ಹೆಚ್ಚು. ಆದರೆ ಸಾಬರಮತಿ, ಮಾಹಿ, ನರ್ಮದಾ, ತಾಪಿ ನಾಲ್ಕರ ಮೇಲೂ ಅಣೆಕಟ್ಟುಗಳಿವೆ. ನಮ್ಮ ಕೆರೆಗಳಲ್ಲಿ ಬೇಡವಾದ ಹೂಳು ತುಂಬಿ ಕೂತಿದೆ, ಅಲ್ಲಿ ಬೇಕಾದ ಹೂಳು ಅಣೆಕಟ್ಟಿನ ಹಿಂದೆ ಕೂತಿದೆ.

ಮೂರನೆಯದು ಹೊತ್ತಿನ ಜೂಜು. ದೊಡ್ಡ ಉಬ್ಬರದ ಊರಿಗೆ ಚಂಡಮಾರುತ ಇಳಿತದಲ್ಲಿ ಬಂದರೆ ಅದು ಎತ್ತುವ ನೀರು ಕೆಸರುಬಯಲಲ್ಲೇ ಮುಗಿಯುತ್ತದೆ. ಭರತದಲ್ಲಿ ಬಂದರೆ ದುರಂತ. ಬಂಗಾಳದ ಸುಂದರಬನದಲ್ಲಿ ಇದು ಮತ್ತೆ ಮತ್ತೆ ಆಗಿದೆ. ಐಲಾ ಚಂಡಮಾರುತ ಬಂದದ್ದು 2009ರ ಮೇ 25ರಂದು, ಅಮಾವಾಸ್ಯೆಯ ಮರುದಿನ. ಯಾಸ್ ಬಂದದ್ದು 2021ರ ಮೇ 26ರಂದು. ಅವತ್ತು ಬುದ್ಧ ಪೂರ್ಣಿಮೆ, ಚಂದ್ರಗ್ರಹಣ ಬೇರೆ, ಚಂದ್ರ ಭೂಮಿಗೆ ತೀರಾ ಹತ್ತಿರ ಬಂದಿದ್ದ ದಿನ. ಗಾಳಿ ದಡ ಮುಟ್ಟಿದ್ದು ಒಡಿಶಾದ ಬಾಲೇಶ್ವರದ ಕಡೆ, ಏರಿಗಳು ಒಡೆದದ್ದು ಸುಂದರಬನದಲ್ಲೂ. ಸಮುದ್ರ ಮಟ್ಟ ಏರಿದಂತೆ ಈ ಜೂಜಿನಲ್ಲಿ ಸೋಲುವ ಹೊತ್ತು ಉದ್ದವಾಗುತ್ತದೆ. ಮೊದಲು ಭರತದ ತುದಿಯ ಒಂದು ಗಂಟೆ ಮಾತ್ರ ಅಪಾಯವಿದ್ದರೆ ಮುಂದೆ ಎರಡು ಗಂಟೆ.

ಕೆರೆ ಏರಿ ಒಡೆಯುವುದನ್ನು ಕಂಡವರಿಗೆ ಕಡಲ ಏರಿ ಒಡೆಯುವುದರ ಕ್ರೌರ್ಯ ಹೇಳಬೇಕು. ಕೆರೆ ಒಡೆದರೆ ನೀರು ಒಮ್ಮೆ ನುಗ್ಗಿ ಹೋಗುತ್ತದೆ. ಬೆಳೆ ಹೋಯಿತು, ಏರಿ ಹೋಯಿತು, ಆದರೆ ಮರುದಿನ ಮಣ್ಣು ಹಾಕಬಹುದು. ಕಡಲ ಏರಿಯ ತೂತಿನಲ್ಲಿ ನೀರು ದಿನಕ್ಕೆ ಎರಡು ಸಲ ಒಳಗೆ, ಎರಡು ಸಲ ಹೊರಗೆ. ನೂರು ಎಕರೆ ಗದ್ದೆಯ ಮೇಲೆ ಎರಡು ಮೀಟರ್ ನೀರು ಏರಿಳಿದರೆ ಒಂದು ಸಲಕ್ಕೆ 80 ಕೋಟಿ ಲೀಟರ್ ಆ ತೂತಿನಲ್ಲಿ ಹಾದುಹೋಗಬೇಕು. ಪ್ರತಿ ಸಲವೂ ತೂತು ಅಗಲವಾಗುತ್ತದೆ, ಆಳವಾಗುತ್ತದೆ. ಎರಡೂ ಕಡೆಯಿಂದ ಮಣ್ಣು ಸುರಿಯುತ್ತಾ ಬಂದರೆ ಬಾಯಿ ಕಿರಿದಾದಷ್ಟೂ ಸೆಳವು ಜೋರಾಗಿ, ಕೊನೆಯ ಕೆಲವು ಮೀಟರ್ ಹಾಕಿದ್ದೆಲ್ಲ ಕೊಚ್ಚಿಹೋಗುತ್ತದೆ. ಅದಕ್ಕೇ ತಿಳಿದವರು ಮೊದಲು ಮುರಿದ ಎರಡೂ ತುದಿಗಳಿಗೆ ಮರಳುಚೀಲವೋ ಕಲ್ಲೋ ಕಟ್ಟಿ ಗಟ್ಟಿ ಮಾಡುತ್ತಾರೆ. ಆಮೇಲೆ ತೂತಿನ ಪೂರ್ತಿ ಅಗಲಕ್ಕೂ ತಳದಿಂದ ಸಮನಾಗಿ ಎತ್ತರಿಸುತ್ತಾ ಬರುತ್ತಾರೆ. ಇಲ್ಲವೇ ತೂತನ್ನು ಬಿಟ್ಟುಕೊಟ್ಟು ಹಿಂದೆ ಅರ್ಧಚಂದ್ರದ ಹಾಗೆ ಹೊಸ ಏರಿ ಸುತ್ತಿಸುತ್ತಾರೆ. ಯಾವುದಾದರೂ ಸರಿ, ಕೊನೆಯ ಮುಚ್ಚುವಿಕೆ ಅಷ್ಟಮಿ ನವಮಿ ಸುಮಾರಿನ ಸಣ್ಣ ಉಬ್ಬರದಲ್ಲೇ ಆಗಬೇಕು. ಆ ನಾಲ್ಕೈದು ದಿನ ತಪ್ಪಿದರೆ ಮತ್ತೆ ಒಂದು ಪಕ್ಷ ಕಾಯಬೇಕು, ಅಷ್ಟರಲ್ಲಿ ತೂತು ಇನ್ನೊಂದಷ್ಟು ದೊಡ್ಡದಾಗಿರುತ್ತದೆ.

ಏರಿಯ ಎತ್ತರದ ಲೆಕ್ಕದಲ್ಲೇ ಆಗುವ ಒಂದು ತಪ್ಪೂ ಇದೆ. ಉಬ್ಬರದ ಪಟ್ಟಿಯಲ್ಲಿ ಕೊಡುವ ಮೀಟರುಗಳು ಅತಿ ತಗ್ಗಿನ ಇಳಿತದ ಹತ್ತಿರ ಇಟ್ಟ ಸೊನ್ನೆಯಿಂದ ಅಳೆದವು. ಭೂಪಟದ ಮೀಟರುಗಳು ರೈಲು ಹಲಗೆಯ ಸೊನ್ನೆಯಿಂದ ಅಳೆದವು. ಎರಡನ್ನೂ ಒಂದೇ ಎಂದು ಕೂಡಿಸಿದರೆ ಮಂಗಳೂರಿನಲ್ಲಿ ತಪ್ಪು ಒಂದು ಮೀಟರಿನ ಸುಮಾರು, ಖಂಭಾತ್ ಕೊಲ್ಲಿಯಲ್ಲಿ ಐದಾರು ಮೀಟರ್. ತೂಬಿನ ತಳಗಲ್ಲನ್ನು ಇಂಥ ತಪ್ಪು ಲೆಕ್ಕಕ್ಕೆ ಕೂರಿಸಿದರೆ ಅದು ಹುಟ್ಟಿದ ದಿನವೇ ಸತ್ತಂತೆ.

ಇನ್ನು ಉಪ್ಪಿನ ವಿಚಾರ. ನಮ್ಮ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಬಂದ ಮೇಲೆ ಟಿಡಿಎಸ್ ಎಂಬ ಪದ ಎಲ್ಲರ ಬಾಯಲ್ಲೂ ಇದೆ, ನೀರಲ್ಲಿ ಕರಗಿರುವ ಲವಣಗಳ ಲೆಕ್ಕ ಅದು. ಕುಡಿಯುವ ನೀರಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 2000ದವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಸಮುದ್ರದ ನೀರಿನಲ್ಲಿ 35,000. ಅಂದರೆ ನೂರು ಕೊಡ ಸಿಹಿನೀರಿಗೆ ಒಂದು ಕೊಡ ಕಡಲನೀರು ಬೆರೆತರೆ ಸಾಕು, 350 ಸೇರಿತು. ಆರು ಕೊಡ ಬೆರೆತರೆ 2000ದ ಗೆರೆ ದಾಟುತ್ತದೆ. ಹೊಳೆಯ ಬಾಯಲ್ಲಿ ಈ ಬೆರಕೆ ನಿತ್ಯದ ಸಂಗತಿ. ಉಪ್ಪುನೀರು ಭಾರ, ಅದು ತಳ ಹಿಡಿದು ಒಳಗೆ ಬರುತ್ತದೆ. ಅದನ್ನು ಹೊರಗೆ ನೂಕಿ ಹಿಡಿದಿರುವುದು ಮೇಲಿಂದ ಬರುವ ಸಿಹಿನೀರು ಒಂದೇ. ಭೂಮಿಯೊಳಗೂ ಇದೇ ಕಾದಾಟ. ಕಡಲ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಅದು ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಉಪ್ಪನ್ನು ತಡೆದು ಹಿಡಿಯುತ್ತದೆ. ಬಾವಿಯ ನೀರು ಇದ್ದಲ್ಲೇ ಇದ್ದು ಕಡಲು ಮಾತ್ರ 30 ಸೆಂ.ಮೀ. ಏರಿದರೆ 12 ಮೀಟರ್ ಸಿಹಿನೀರು ಕೆಳಗಿನಿಂದ ಕಳೆದುಹೋದಂತೆ. ಮೇಲಿಂದ ಪಂಪು ಹಾಕಿ ಎಳೆದರೆ ಇನ್ನೂ ಬೇಗ.

ಇಲ್ಲಿ ನಮ್ಮ ಸೀಮೆಯ ಪಾಲೂ ಇದೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ನಾವು ಎತ್ತಿದ ನೀರು ತೊಟ್ಟಿ, ಟೊಮೆಟೊ, ಆಕಾಶ, ಹೊಳೆ ಎಂದು ಸುತ್ತಿ ಬಹುಪಾಲು ಕಡಲಿಗೇ ಸೇರುತ್ತದೆ. ಜಗತ್ತಿನಾದ್ಯಂತ ಹೀಗೆ ಎತ್ತಿದ ಅಂತರ್ಜಲ ಸಮುದ್ರ ಮಟ್ಟದ ಏರಿಕೆಗೆ ಒಂದು ಸಣ್ಣ ಪಾಲು ಕೊಟ್ಟಿದೆ. ದೊಡ್ಡ ಪಾಲು ಬಿಸಿಯಾಗಿ ಹಿಗ್ಗಿದ ನೀರಿನದು, ಕರಗಿದ ಹಿಮದ್ದು. ಆದರೂ ಪಾಲು ಪಾಲೇ.

ಹಾಗೆಯೇ ಎತ್ತಿನಹೊಳೆ, ನೇತ್ರಾವತಿಗೆ ಸೇರುವ ಹಳ್ಳಗಳ ನೀರನ್ನು ನಮ್ಮ ಕಡೆಗೆ ತಿರುಗಿಸುವ ಯೋಜನೆ. ಸುಮ್ಮನೆ ಸಮುದ್ರಕ್ಕೆ ಹೋಗುವ ನೀರನ್ನು ತಿರುಗಿಸಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ನಮ್ಮ ಕಡೆ ಕೇಳುತ್ತಾರೆ. 24 ಟಿಎಂಸಿ ಹೋದರೆ ನೇತ್ರಾವತಿಯೇ ಬತ್ತುತ್ತದೆ ಎಂದು ಮಂಗಳೂರಿನ ಕಡೆ ಹೇಳುತ್ತಾರೆ. ಉಪ್ಪಿನ ದೃಷ್ಟಿಯಿಂದ ಎರಡೂ ಅರ್ಧ ಸತ್ಯ. ಸಮುದ್ರಕ್ಕೆ ಹೋಗುವ ನೀರು ಸುಮ್ಮನೆ ಹೋಗುವುದಿಲ್ಲ. ಉಪ್ಪನ್ನು ನೂಕುತ್ತದೆ, ಹೂಳು ಹೊರುತ್ತದೆ. ನರ್ಮದೆಯ ಹರಿವು ಕಮ್ಮಿಯಾದ ಮೇಲೆ ಭರೂಚ್ ಬಳಿ ಉಪ್ಪು ಮೇಲೆ ಹತ್ತಿದ್ದು ಇದಕ್ಕೆ ಸಾಕ್ಷಿ, ಅದನ್ನು ತಡೆಯಲು ಈಗ ಭಾಡ್‌ಭೂತ್‌ನಲ್ಲಿ ಅಡ್ಡಗಟ್ಟೆ. ಆದರೆ ಎತ್ತಿನಹೊಳೆಯಲ್ಲಿ ನೀರೆತ್ತುವ ಯೋಜನೆ ಇರುವುದು ಮಳೆಗಾಲಕ್ಕೆ. ನೇತ್ರಾವತಿಯಲ್ಲಿ ಉಪ್ಪು ಮೇಲೆ ಹತ್ತುವುದು ಏಪ್ರಿಲ್ ಮೇ ತಿಂಗಳಲ್ಲಿ, ಹರಿವು ಸೊರಗಿದಾಗ. ಆ ಹೊತ್ತಿನ ಹರಿವನ್ನು ಕಾಯುವುದು ಘಟ್ಟದ ಕಾಡು ಮತ್ತು ಹುಲ್ಲುಗಾವಲು. ಹಾಗಾಗಿ ಕಾಲುವೆಯಲ್ಲಿ ಎಷ್ಟು ಟಿಎಂಸಿ ಎಂಬುದಕ್ಕಿಂತ ಕಾಮಗಾರಿಗೆ ಘಟ್ಟದಲ್ಲಿ ಎಷ್ಟು ಅಗೆದರು ಎಂಬ ಪ್ರಶ್ನೆಯೇ ಉಪ್ಪಿಗೆ ಹೆಚ್ಚು ಹತ್ತಿರದ್ದು.

ತೂಬು ತೆರೆಯದ ದಿನ ಬಂದ ಮೇಲೆ ಏನು? ಉತ್ತರ ಕನ್ನಡದ ಅಘನಾಶಿನಿ ಹಿನ್ನೀರಿನ ಗಜನಿ ಎಂಬ ಉಪ್ಪುನೀರಂಚಿನ ತಗ್ಗು ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಉಂಟು. ಉಳಿದ ಹೆಚ್ಚಿನ ಭತ್ತದ ತಳಿಗಳಿಗೆ ಮಣ್ಣಿನ ಉಪ್ಪು ಸ್ವಲ್ಪ ಏರಿದರೂ ಕಾಳು ಕಟ್ಟುವುದಿಲ್ಲ. ಕಗ್ಗವೂ ತೂಬನ್ನು ನಂಬಿದ ಬೆಳೆಯೇ. ಮಳೆನೀರು ಮೊದಲು ಗದ್ದೆಯ ಉಪ್ಪನ್ನು ತೊಳೆದು ಹೊರಗೆ ಹೋಗಬೇಕು. ಅದೂ ಆಗದಿದ್ದರೆ ಉಳಿಯುವುದು ಪಂಪು. ನೂರು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಎರಡು ಕೋಟಿ ಲೀಟರ್. ಅದನ್ನು ಎಂಟು ಗಂಟೆಯಲ್ಲಿ ಒಂದು ಮೀಟರ್ ಎತ್ತಿ ಹೊರಹಾಕಲು 15 ಎಚ್‌ಪಿ ಮೋಟಾರು ಸಾಕು, ಸೆಕೆಂಡಿಗೆ 700 ಲೀಟರ್. ಕೋಲಾರದಲ್ಲಿ ಅದೇ 15 ಎಚ್‌ಪಿ ಸಾವಿರ ಅಡಿಯಿಂದ ಎತ್ತುವುದು ಸೆಕೆಂಡಿಗೆ ಎರಡು ಲೀಟರ್. ಕೇಳಲು ಅಗ್ಗವಾಗಿ ಕಾಣುತ್ತದೆ. ಆದರೆ ನಮ್ಮ ಬೋರಿನ ಪಂಪು ಅಲ್ಲಿ ನಡೆಯದು. ಕಡಿಮೆ ಎತ್ತರಕ್ಕೆ ಹೆಚ್ಚು ನೀರು ತಳ್ಳುವ, ಫ್ಯಾನಿನಂಥ ರೆಕ್ಕೆಯ ಅಗಲ ಕೊಳವೆಯ ಪಂಪು ಬೇಕು. ಉಪ್ಪಿಗೆ ಸಾದಾ ಕಬ್ಬಿಣ ಕೆಲವೇ ವರ್ಷಕ್ಕೆ ತಿಂದುಹೋಗುತ್ತದೆ, ಬಾಯಿಗೆ ಕಸ ಸಿಕ್ಕದಂತೆ ಜಾಲರಿ ಬೇಕು, ಆ ಜಾಲರಿಯನ್ನು ಮಳೆಯಲ್ಲೇ ನಿಂತು ಬಿಡಿಸುವ ಆಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ಮಳೆ ಬರುವುದು ಗಾಳಿಯ ಜೊತೆ, ಗಾಳಿ ಬಂದಾಗ ಮೊದಲು ಹೋಗುವುದು ಕರೆಂಟು. ಡೀಸೆಲ್ ಎಂಜಿನ್ನನ್ನು ಏರಿಯ ಮೇಲೆ, ಅತಿ ದೊಡ್ಡ ಭರತಕ್ಕಿಂತ ಒಂದು ಮೀಟರಾದರೂ ಎತ್ತರದ ಕಟ್ಟೆಯ ಮೇಲೆ ಕೂರಿಸಿರಬೇಕು. ಹಾಗೆ ಕೂರಿಸದೆ ಗದ್ದೆಯ ಮಟ್ಟದಲ್ಲೇ ಶೆಡ್ ಕಟ್ಟಿದರೆ, ಬೇಕಾದ ಆ ಒಂದು ರಾತ್ರಿ ಎಂಜಿನ್ನೇ ನೀರಿನಲ್ಲಿರುತ್ತದೆ.